ಒಡೆಯಲೆಂದು ತೊಡಿಸಿದ ಬಳೆ

ಆದಿಲಕ್ಷ್ಮಮ್ಮ ಕುವೈತಿನಿಂದ ಬಂದಳೆಂಬ ಸುದ್ದಿ ಅವಳಿಗಿಂತ ಮುಂಚೆ ಓಣಿಗೆ ಬಂದು ಮುಟ್ಟಿತ್ತು. ಬಸ್ ಸ್ಟ್ಯಾಂಡಿನಿಂದ ಬಂದ ಆಟೋ ಎರಡು ಸೂಟ್‌ಕೇಸು ಇಳಿಸುವ ಹೊತ್ತಿಗೆ ಎರಡೂ ಸಾಲಿನ ಮನೆಗಳಲ್ಲಿ ಹೊಲಿಗೆ ಮೆಷಿನ್ನುಗಳು ಒಂದೊಂದಾಗಿ ನಿಂತವು. ಆಂಧ್ರದ ಗಡಿಯೂರು ರಾಯದುರ್ಗದ ಆ ಓಣಿಯಲ್ಲಿ ಹಗಲು ಹೊತ್ತು ಮೆಷಿನ್ನು ನಿಂತಿತೆಂದರೆ ಒಂದೋ ಕರೆಂಟು ಹೋಗಿರಬೇಕು, ಇಲ್ಲ ಯಾರಾದರೂ ಹೋಗಿರಬೇಕು. ಬಂದವರಿಗಾಗಿ ನಿಂತದ್ದು ಕಡಿಮೆ. ಹೆಂಗಸರು ಅರ್ಧ ಹೊಲಿದ ಜೀನ್ಸ್ ಪ್ಯಾಂಟುಗಳನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕತ್ತು ಚಾಚಿದರು. ಮೊದಲು ಸೂಟ್‌ಕೇಸು ನೋಡಿದರು, ಆಮೇಲೆ ಮುಖ, ಆಮೇಲೆ ಹಣೆ, ಕೊನೆಗೆ ಕೈ. ಹಣೆಯಲ್ಲಿ ಬೊಟ್ಟಿತ್ತು, ಕೈಯಲ್ಲಿ ಬಳೆ ಇರಲಿಲ್ಲ. ಗಂಡ ಸತ್ತು ಹದಿನಾಲ್ಕು ತಿಂಗಳಾದ ಹೆಂಗಸನ್ನು ಯಾವ ಗುಂಪಿಗೆ ಸೇರಿಸಬೇಕೆಂದು ಅವರಿಗೆ ತಿಳಿಯಲಿಲ್ಲ.

ಅವಳಿಗೆ ಅದರ ಕಡೆ ಗಮನವಿರಲಿಲ್ಲ. ಕುವೈತಿನಲ್ಲಿ ಮನೆಗೆಲಸಕ್ಕಿದ್ದ ಮನೆಯಲ್ಲಿ ಹಣೆ ಬೋಳಾಗಿಯೇ ಇರುತ್ತಿತ್ತು. ಬಳೆ ಹಿಟ್ಟಿನಲ್ಲಿ ಒಡೆದೀತೆಂದು ಆ ಮನೆಯ ಮೇಡಮ್ಮು ಮೊದಲ ದಿನವೇ ತೆಗೆಸಿದ್ದಳು. ಏಳು ವರ್ಷದ ಬೋಳುಗೈ ಅದು. ಗಂಡ ಇದ್ದಾಗಲೂ ಬೋಳು, ಹೋದಮೇಲೂ ಬೋಳು. ತಾಳಿಯನ್ನು ಮಾತ್ರ ಒಳಲಂಗಕ್ಕೆ ತಾನೇ ಹೊಲಿದುಕೊಂಡ ಸಣ್ಣ ಜೇಬಿನಲ್ಲಿ ಇಟ್ಟುಕೊಂಡಿದ್ದಳು. ಮೂರನೆಯ ವರ್ಷ ಒಮ್ಮೆ ರಜೆಯ ಮೇಲೆ ಊರಿಗೆ ಬಂದಾಗ ಬೆಂಗಳೂರಿನ ಏರ್‌ಪೋರ್ಟಿನ ಕನ್ನಡಿಯ ಮುಂದೆ ನಿಂತು ಬೊಟ್ಟು ಅಂಟಿಸಿಕೊಂಡಿದ್ದಳು. ಈ ಸಲವೂ ಅದೇ ಕನ್ನಡಿ ಕಂಡಿತು, ಅದೇ ಕೈ ಪರ್ಸಿಗೆ ಹೋಯಿತು. ಯೋಚನೆ ಮಾಡಿ ಅಂಟಿಸಿಕೊಂಡ ಬೊಟ್ಟಲ್ಲ ಅದು.

ಗಂಡ ಆಂಜನಪ್ಪ ಜೀನ್ಸ್ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದ. ಯೂನಿಟ್ಟು ಮುಚ್ಚಿದ ವರ್ಷ, ಇವಳು ಹದಿನೈದರ ಮಗಳು ಶಿರಿಷಾಳನ್ನು ಅವನ ತಮ್ಮ ಗುರುಪ್ರಕಾಶನ ಹೆಂಡತಿಯ ಕೈಗೆ ಒಪ್ಪಿಸಿ ವಿಮಾನ ಹತ್ತಿದಳು. ಎರಡೇ ವರ್ಷ ಎಂದು ಹೇಳಿ ಹೋಗಿದ್ದಳು. ಎರಡು ಏಳಾಯಿತು. ಹೊಲಿಗೆ ಒಮ್ಮೆ ಓಡಲು ಶುರುವಾದರೆ ಬಟ್ಟೆ ಮುಗಿಯುವ ತನಕ ಓಡುತ್ತದೆ. ಆಂಜನಪ್ಪ ಎದೆನೋವಿನಿಂದ ಹೋದ ದಿನ ಕುವೈತಿನ ಆ ಮನೆಯಲ್ಲಿ ನಲವತ್ತು ಜನರ ಔತಣವಿತ್ತು. ಫೋನು ಬಂದಾಗ ಅವಳ ಎರಡು ಕೈಯೂ ಹಿಟ್ಟಿನಲ್ಲಿದ್ದವು. ಪಾಸ್‌ಪೋರ್ಟು ಯಜಮಾನನ ಬೀರುವಿನಲ್ಲಿತ್ತು. ರಂಜಾನು ಮುಗಿಯಲಿ ಎಂದರು, ಆಮೇಲೆ ಮೇಡಮ್ಮಿನ ಬಾಣಂತನ ಮುಗಿಯಲಿ ಎಂದರು. ಆ ಬಾಣಂತನದ ಕೂಸು ನೂರಾ. ನಲವತ್ತು ದಿನದ ಕೂಸಾಗಿದ್ದಾಗಿನಿಂದ ಇವಳ ತೋಳಿನ ಮೇಲೇ ಬೆಳೆದ ಹುಡುಗಿ. ಇವಳು ಬೆನ್ನು ತಟ್ಟಿದರಷ್ಟೇ ನಿದ್ದೆ, ಇವಳು ಕಲೆಸಿದರಷ್ಟೇ ಊಟ.

ಹೀಗಿರುವಾಗ ಎರಡು ತಿಂಗಳ ಹಿಂದೆ ಗುರುಪ್ರಕಾಶನ ಹೆಂಡತಿ ಪ್ರಸನ್ನಲಕ್ಷ್ಮಿ ಫೋನು ಮಾಡಿದಳು. ಶಿರಿಷಾಗೆ ಮಡಕಶಿರದಲ್ಲಿ ಸಂಬಂಧ ಕುದುರಿದೆ, ಹುಡುಗ ಸಾಯಿಪ್ರಸಾದ್ ಮಂಡಲ ಆಫೀಸಿನಲ್ಲಿ ಇದ್ದಾನೆ, ನೀನಿಲ್ಲದೆ ಮದುವೆ ಹೇಗೆ ಅಕ್ಕ, ಬಂದುಬಿಡು ಎಂದಳು. ಏಳು ವರ್ಷದಲ್ಲಿ ಆ ಮನೆಯಿಂದ ‘ಬಾ’ ಎಂಬ ಮಾತು ಬಂದದ್ದು ಅದೇ ಮೊದಲು. ಆದಿಲಕ್ಷ್ಮಮ್ಮ ಎರಡು ದಿನ ಊಟ ಬಿಟ್ಟು, ಮೇಡಮ್ಮಿನ ಎದುರು ಕೂತು ಅತ್ತು, ಒಂದು ತಿಂಗಳ ರಜೆ ಕಿತ್ತುಕೊಂಡಳು. ಅವಳಿಗೆ ಬೇಕಾಗಿದ್ದದ್ದು ಒಂದೇ. ಮಗಳು ಮದುವೆಗೆಂದು ಮಡಕಶಿರಕ್ಕೆ ಹೊರಡುವಾಗ ಹೊಸಿಲ ಒಳಗೆ ಕೂರಿಸಿ ಅವಳ ಸೆರಗಿಗೆ ಐದು ಬೊಗಸೆ ಅಕ್ಕಿ, ಕೊಬ್ಬರಿ, ಬೆಲ್ಲ, ಅರಿಶಿನದ ಕೊಂಬು ಹಾಕಿ ಉಡಿ ತುಂಬಬೇಕು. ಹೆತ್ತ ತಾಯಿಯ ಕೈಯ ಉಡಿ. ಉಳಿದದ್ದನ್ನೆಲ್ಲ ಯಾರು ಬೇಕಾದರೂ ಮಾಡಿಕೊಳ್ಳಲಿ.

ರವಿಕೆಯನ್ನೂ ತಾನೇ ಹೊಲಿದು ತಂದಿದ್ದಳು. ಅಳತೆಗೊಂದು ರವಿಕೆ ಕಳಿಸು ಎಂದು ಮಗಳಿಗೆ ಹೇಳಿದ್ದಳು. ಕುವೈತಿಗೆ ಹೊರಟಿದ್ದ ಕಣೇಕಲ್ಲಿನ ಒಬ್ಬಳ ಕೈಯಲ್ಲಿ ಅದು ಬಂದಿತ್ತು. ಶುಕ್ರವಾರ ಸಿಗುತ್ತಿದ್ದ ಮೂರು ತಾಸುಗಳಲ್ಲಿ, ಆರು ಶುಕ್ರವಾರ ಕೂತು, ತೋಳಿಗೂ ಬೆನ್ನಿಗೂ ಮಣಿಯ ಕೆಲಸ ಮಾಡಿದ್ದಳು. ಶಿರಿಷಾ ಅದನ್ನು ಎತ್ತಿ ಹಿಡಿದು ನೋಡಿದಳು, ಚೆಂದ ಇದೆ ಎಂದಳು, ಫೋನಿನಲ್ಲಿ ಫೋಟೋ ತೆಗೆದು ಯಾರಿಗೋ ಕಳಿಸಿದಳು. ತೊಟ್ಟು ನೋಡು ಎಂದರೆ ಆಮೇಲೆ ಎಂದಳು. ರವಿಕೆ ತೊಟ್ಟು ನೋಡದ ಗಿರಾಕಿ ಮತ್ತೆ ಬಂದೇ ಬರುತ್ತಾಳೆ ಎಂಬುದು ದರ್ಜಿಯವರಿಗೆಲ್ಲ ಗೊತ್ತಿರುವ ಮಾತು. ಆದರೆ ಮಗಳನ್ನು ಗಿರಾಕಿ ಅನ್ನಲಾಗುತ್ತದೆಯೇ? ಆದಿಲಕ್ಷ್ಮಮ್ಮ ರವಿಕೆಯನ್ನು ಮಡಚಿಟ್ಟಳು. ಅವಳಿಗೆ ಹಿಂದಿನ ಕೋಣೆಯಲ್ಲಿ ಹಾಸಿಗೆ ಹಾಸಿದ್ದರು. ಅಲ್ಲಿ ಅವಳ ಹಳೆಯ ಮೆಷಿನ್ನು ಗೋಣಿಚೀಲ ಹೊದ್ದುಕೊಂಡು ಕೂತಿತ್ತು. ಪಕ್ಕದಲ್ಲಿ ಮದುವೆಯ ಅಕ್ಕಿಮೂಟೆಗಳಿದ್ದವು.

ಎರಡು ದಿನ ಮನೆಯವರು ಅವಳನ್ನು ಅಂಗೈ ಮೇಲೆ ಇಟ್ಟುಕೊಂಡರು. ಮೂರನೆಯ ದಿನ ಬೆಳಿಗ್ಗೆ ಗುರುಪ್ರಕಾಶ್ ಕುರ್ಚಿ ಎಳೆದುಕೊಂಡು ಎದುರು ಕೂತ. ಅಣ್ಣನ ಹೆಂಡತಿಯನ್ನು ಅವನು ತೆಲುಗಿನಲ್ಲಿ ವದಿನಾ ಎಂದೇ ಕರೆಯುವುದು. ಮಾತು ಎಲ್ಲೆಲ್ಲೋ ಸುತ್ತಿತು; ಬಿಸಿಲು ಎಂದ, ಬಸ್ಸು ಎಂದ, ಮಂಟಪ ಎಂದ. ಕೊನೆಗೆ ನೆಲ ನೋಡುತ್ತ ಬಾಯಿ ಬಿಟ್ಟ.

“ಅಣ್ಣನ ಹನ್ನೊಂದನೇ ದಿನ ನೀನಿರಲಿಲ್ಲ ವದಿನಾ. ಬಳೆ ತೆಗೆಯೋ ಶಾಸ್ತ್ರ ಹಂಗ ಉಳಕೊಂಡೈತಿ. ಅದು ಮುಗೀದ ಮನ್ಯಾಗ ಮದುವಿ ಹಂದ್ರ ಹಾಕಬಾರದಂತ ಐನೋರು ಹೇಳ್ಯಾರ. ಮಡಕಶಿರದ ಬೀಗರೂ ಕೇಳ್ತಾರ ನೋಡು.”

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದು ಇವರೆಲ್ಲ ಕಾದು ಕೂತಿದ್ದರು! ‘ಬಾ’ ಎಂದು ಕರೆದದ್ದು ಮದುವೆಗಲ್ಲ, ಇದಕ್ಕೆ. ಸರ್ಕಾರದ ಕೆಲಸ ಎಂದೋ ಮುಗಿದಿತ್ತು. ವಾರ್ಡಿನ ಸಚಿವಾಲಯದ ಕಂಪ್ಯೂಟರು ಆಂಜನಪ್ಪ ಹೋದ ಹದಿನೈದೇ ದಿನಕ್ಕೆ ರೇಷನ್ ಕಾರ್ಡಿನಲ್ಲಿ ಅವಳನ್ನು ವಿಧವೆ ಎಂದು ಬದಲಾಯಿಸಿತ್ತು. ಅದಕ್ಕೆ ಅವಳು ಎದುರಿಗೆ ಬಂದು ಕೂರುವುದು ಬೇಕಾಗಿರಲಿಲ್ಲ. ಮನೆಯವರಿಗೆ ಬೇಕಾಗಿತ್ತು. ಆದರೆ ಆದಿಲಕ್ಷ್ಮಮ್ಮನ ಬಾಯಿಂದ ಹೊರಟದ್ದು ಒಂದು ಸಣ್ಣ ಪ್ರಶ್ನೆ: ಶಾಸ್ತ್ರ ಆದಮೇಲೆ ಮಗಳ ಉಡಿ ತುಂಬಬಹುದೇ? ಗುರುಪ್ರಕಾಶ್ ಹೆಂಡತಿ ಇದ್ದ ಅಡುಗೆಮನೆಯ ಕಡೆ ನೋಡಿದ.

ಎದುರು ಮನೆಯ ನಾಗವೇಣಿ ಅವಳ ಹಳೆಯ ಗೆಳತಿ. ಇಬ್ಬರೂ ಒಂದೇ ಮಾಸ್ಟರ್ ಹತ್ತಿರ ಹೊಲಿಗೆ ಕಲಿತವರು, ಒಂದೇ ವರ್ಷ ಮದುವೆಯಾದವರು. ಜೀನ್ಸಿನ ಸೊಂಟಪಟ್ಟಿ ಹೊಲಿಯುತ್ತ ಎಲ್ಲವನ್ನೂ ಕೇಳಿಸಿಕೊಂಡ ನಾಗವೇಣಿ ಮೆಷಿನ್ನಿನಿಂದ ಕಾಲು ತೆಗೆದಳು.

“ಕೈಯಾಗ ಬಳಿನೇ ಇಲ್ಲ, ಏನು ಒಡಿತಾರಂತ?” ಎಂದಳು. “ಕುಂದ್ರಬ್ಯಾಡ. ಹೋದಾಂವ ಹೋದ. ಈಗ್ಯಾರು ಮಾಡ್ತಾರ ಇವನ್ನೆಲ್ಲ?”

ಕೂರುವುದಿಲ್ಲ ಎಂದರೆ ಮದುವೆ ಕೆಟ್ಟೀತು, ತಾಯಿಯೇ ಮುಂದೆ ನಿಂತು ಕೆಡಿಸಿದಳೆಂದು ಮಗಳು ಜೀವಮಾನವೆಲ್ಲ ಆಡಿಯಾಳು ಎಂದು ಆದಿಲಕ್ಷ್ಮಮ್ಮ ಹೇಳಿದಳು. ಬೀಗರು ಯಾವ ಥರದವರೋ ಅವಳಿಗೆ ಗೊತ್ತಿರಲಿಲ್ಲ. ನೋಡಿದ್ದು ಅಳಿಯನಾಗುವವನನ್ನು ಮಾತ್ರ, ಅದೂ ಫೋನಿನ ಪರದೆಯ ಮೇಲೆ. ಮಗಳು ಏನಂತಾಳೆ ಎಂದು ನಾಗವೇಣಿ ಕೇಳಿದಳು. ಮಗಳು ಏನೂ ಅಂದಿರಲಿಲ್ಲ. ಆ ಮಾತು ಬಂದಾಗಲೆಲ್ಲ ಫೋನು ಹಿಡಿದು ಮಾಳಿಗೆ ಹತ್ತುತ್ತಿದ್ದಳು.

ಸಂಜೆ ಆದಿಲಕ್ಷ್ಮಮ್ಮ ತಾನಾಗಿಯೇ ಮೈದುನನ ಮುಂದೆ ಹೋಗಿ ನಿಂತಳು. ಪ್ರಸನ್ನಲಕ್ಷ್ಮಿ ಬಾಗಿಲ ಬಳಿ ಇದ್ದಳು.

“ನಾನು ಕುಂದರ್ತೀನಿ. ಆದ್ರ ಶಿರಿಷಾನ ಉಡಿ ನಾನೇ ತುಂಬಬೇಕು. ಇದಕ್ಕ ಹೂಂ ಅಂದ್ರ ಅದಕ್ಕೂ ಹೂಂ.”

ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಹೂಂ ಎಂದರು. ಅಷ್ಟು ಬೇಗ ಒಪ್ಪಿದ್ದರಲ್ಲೇ ಏನೋ ಇದೆ ಎಂದು ಅವಳಿಗೆ ಅನಿಸಬೇಕಾಗಿತ್ತು. ಅನಿಸಲಿಲ್ಲ. ಏಳು ವರ್ಷ ಪರರ ಮನೆಯಲ್ಲಿ ಹೂಂಗುಟ್ಟುತ್ತ ಬದುಕಿದವಳಿಗೆ ಬೇರೆಯವರ ಹೂಂ ಎಂದರೆ ಬಲು ಬೆಲೆ.

ಶಾಸ್ತ್ರದ ಹಿಂದಿನ ದಿನ ಬಳೆಗಾರ ಹೊನ್ನೂರಪ್ಪನನ್ನು ಕರೆಸಿದರು. ತೆಗೆಯುವುದಕ್ಕೆ ಮೊದಲು ಇರಬೇಕಲ್ಲ! ಮುದುಕ ಹಿತ್ತಿಲಲ್ಲಿ ಕೂತು, ಮದುಮಗಳ ತಾಯಿಗೆ ಬಳೆ ತೊಡಿಸುತ್ತಿದ್ದೇನೆ ಎಂದುಕೊಂಡು, ಇರುವುದರಲ್ಲೇ ಒಳ್ಳೆಯ ಹಸಿರು ಬಳೆ ಆರಿಸಿದ. ಅವಳ ಅಂಗೈ ಹಿಡಿದು ಬೆರಳುಗಳನ್ನು ಮಡಚಿ ಒತ್ತಿದ. ಹಿಟ್ಟು ನಾದಿ, ಬಟ್ಟೆ ಹಿಂಡಿ, ಗೆಣ್ಣುಗಳು ದಪ್ಪವಾಗಿದ್ದವು. ಏಳು ವರ್ಷದ ಹಿಂದೆ ಇದೇ ಮುದುಕ ಇದೇ ಕೈಗೆ ಎಷ್ಟು ಸಲೀಸಾಗಿ ತೊಡಿಸುತ್ತಿದ್ದ. ಈಗ ಸೋಪು ಹಚ್ಚಬೇಕಾಯಿತು. ಒಂದು ಬಳೆ ಅವನ ಕೈಯಲ್ಲೇ ಚಿಟ್ಟೆಂದಿತು, ಅವನು ನಾಲಿಗೆ ಕಚ್ಚಿಕೊಂಡ.

“ತಪ್ಪಾತವ್ವ. ಮದುವಿ ಮನ್ಯಾಗ ಬಳಿ ಒಡೀಬಾರದಾಗಿತ್ತು,” ಎಂದ.

ಅವನಿಗೆ ಯಾರೂ ಏನೂ ಹೇಳಿರಲಿಲ್ಲ. ಪ್ರಸನ್ನಲಕ್ಷ್ಮಿ ಮುಖ ತಿರುಗಿಸಿದಳು. ಆದಿಲಕ್ಷ್ಮಮ್ಮ, ಇರಲಿ ಹಾಕು ಎಂದಳು. ಅಂದು ರಾತ್ರಿ ಊಟಕ್ಕೆ ಕೂತಾಗ ಎರಡೂ ಕೈಯ ಬಳೆಗಳು ಸದ್ದು ಮಾಡಿದವು. ಶಿರಿಷಾ ಒಮ್ಮೆ ತಲೆ ಎತ್ತಿ ತಾಯಿಯ ಕೈ ನೋಡಿದಳು, ಮತ್ತೆ ತಟ್ಟೆಗೆ ತಲೆ ಹಾಕಿದಳು. ಆ ಒಂದು ರಾತ್ರಿ, ಆಂಜನಪ್ಪನ ಹೆಂಡತಿಯಾಗಿ ಅವನ ಮನೆಯಲ್ಲಿ, ಅವನಿಲ್ಲದೆ, ಅವಳು ಬಳೆ ತೊಟ್ಟು ಮಲಗಿದಳು.

ನಸುಕಿನಲ್ಲಿ ಓಣಿಯ ಮೂವರು ವಿಧವೆಯರು ಬಂದು ಅವಳನ್ನು ಹಿತ್ತಿಲ ನೀರಿನ ತೊಟ್ಟಿಯ ಹತ್ತಿರ ಕರೆದುಕೊಂಡು ಹೋದರು. ತಲೆಗೆ ಹೂ ಮುಡಿಸಿದರು, ಮೈತುಂಬ ಅರಿಶಿನ ಹಚ್ಚಿದರು, ಜೇಬಿನ ತಾಳಿ ತೆಗೆದು ಕೊರಳಿಗೆ ಕಟ್ಟಿದರು. ಹೀಗೆ ಪೂರ್ತಿ ಸಿಂಗಾರ ಮಾಡಿ ಮುಗಿದ ಮೇಲೆ ಒಂದೊಂದಾಗಿ ಕಿತ್ತರು. ತೊಟ್ಟಿಯ ಅಂಚಿಗೆ ಕೈ ಹಿಡಿದು ಬಡಿದಾಗ ಎಡಗೈ ಮಣಿಕಟ್ಟಿನಲ್ಲಿ ಚೂರು ಹೊಕ್ಕು ರಕ್ತ ಬಂತು. ಗಂಡನಿಗಾಗಿ ಅಳಬೇಕೆಂದು ಅವಳು ಹದಿನಾಲ್ಕು ತಿಂಗಳಿನಿಂದ ಇಟ್ಟುಕೊಂಡಿದ್ದ ಅಳು ಆಗಲೂ ಬರಲಿಲ್ಲ. ಬಂದದ್ದು ಸಿಟ್ಟು, ನಾಚಿಕೆ. ಒಬ್ಬಳು, ಅಳು ತಾಯಿ, ಅಳಬೇಕು ಎಂದಳು. ಕೈ ತೊಳೆಯಲು ನೀರು ಕೊಡಿ ಎಂದಳು ಆದಿಲಕ್ಷ್ಮಮ್ಮ.

ಒಂಬತ್ತನೆಯ ದಿನ ಮನೆ ಮುಂದೆ ಚಪ್ಪರ ಎದ್ದಿತು. ಮಾರನೆಯ ಬೆಳಿಗ್ಗೆ ಮದುಮಗಳನ್ನು ಕರೆದೊಯ್ಯಲು ಮಡಕಶಿರದಿಂದ ಬಸ್ಸು ಬಂತು. ಆದಿಲಕ್ಷ್ಮಮ್ಮ ಹಿಂದಿನ ಕೋಣೆಯಲ್ಲಿ ತಾನೇ ಸಿದ್ಧ ಮಾಡಿದ ಮೊರ ಇಟ್ಟುಕೊಂಡು ಕೂತಿದ್ದಳು: ಕೇರಿ ಹಸನು ಮಾಡಿದ ಅಕ್ಕಿ, ಎರಡು ಬಟ್ಟಲು ಕೊಬ್ಬರಿ, ಬೆಲ್ಲದ ಅಚ್ಚು, ಐದು ಅರಿಶಿನದ ಕೊಂಬು, ಕುವೈತಿನಿಂದ ತಂದ ಹಳದಿ ರೇಷ್ಮೆಯ ರವಿಕೆ ಕಣ. ಯಾರಾದರೂ ಕರೆಯುತ್ತಾರೆಂದು ಕಾದಳು.

ಕರೆದರು. ಆದರೆ ಬೇರೆ ಕೆಲಸಕ್ಕೆ. ಶಿರಿಷಾ ಅರ್ಧ ಸೀರೆ ಸುತ್ತಿಕೊಂಡು ಓಡಿಬಂದಳು, ಬೆನ್ನ ಹಿಂದೆ ರವಿಕೆಯ ಹುಕ್ಕುಗಳು ನಾಲ್ಕು ಬೆರಳು ದೂರ ನಿಂತಿದ್ದವು. ಅವಳು ಅಳತೆಗೆಂದು ಕಳಿಸಿದ್ದು ಹದಿನಾರು ಹದಿನೇಳರಲ್ಲಿ ಇಂಟರ್ ಓದುವಾಗಿನ ರವಿಕೆ. ಪೆಟ್ಟಿಗೆ ತೆರೆದಾಗ ಮೇಲೆ ಯಾವುದು ಸಿಕ್ಕಿತೋ ಅದನ್ನು ಕೊಟ್ಟು ಕಳಿಸಿದ್ದಳು. ಆ ರವಿಕೆಯನ್ನು ಎದೆಗೆ ಒತ್ತಿಕೊಂಡು ಇವಳು ಆರು ಶುಕ್ರವಾರ ಹೊಲಿದಿದ್ದಳು. ಪುಣ್ಯಕ್ಕೆ ರಾಯದುರ್ಗದ ದರ್ಜಿಯವರು ಒಳಗೆ ಬಟ್ಟೆ ಬಿಡದೆ ಹೊಲಿಯುವುದಿಲ್ಲ. ಎರಡೂ ಪಕ್ಕಕ್ಕೆ ಎರಡೆರಡು ಬೆರಳು ಬಿಟ್ಟಿದ್ದಳು. ಮೆಷಿನ್ನಿನ ಗೋಣಿಚೀಲ ಎಳೆದು ಹಾಕಿ, ಎಣ್ಣೆ ಬಿಟ್ಟು, ಹೊಲಿಗೆ ಬಿಚ್ಚಲು ಕೂತಳು. ಮಗಳು ಟವೆಲು ಹೊದ್ದು ಎದುರಿಗೆ ನಿಂತಳು. ಊರಿಗೆ ಬಂದ ಹತ್ತು ದಿನದಲ್ಲಿ ತಾಯಿ ಮಗಳು ಇಬ್ಬರೇ ಒಂದು ಕೋಣೆಯಲ್ಲಿ ಇದ್ದದ್ದು ಅದೇ ಮೊದಲು.

ಆಗಲೇ ಒಬ್ಬ ಹೆಂಗಸು ಒಳಗೆ ಬಂದಳು. ಅವಳು ಸಾಯಿಪ್ರಸಾದನ ತಾಯಿ ಉಚ್ಚಂಗಮ್ಮ. ಬೀಗತಿಯನ್ನು ಎಲ್ಲಿ ಕೂಡಿ ಹಾಕಿದ್ದೀರಿ ಎಂದು ಕೇಳಿ, ಯಾರ ಅಪ್ಪಣೆಯನ್ನೂ ಕಾಯದೆ ಬಂದಿದ್ದಳು. ಹಣೆಯಲ್ಲಿ ಕಾಸಗಲ ಬೊಟ್ಟು, ಕೈಯಲ್ಲಿ ಡಜನು ಬಳೆ. ಆದಿಲಕ್ಷ್ಮಮ್ಮನ ಬೋಳು ಹಣೆಯನ್ನೂ ಮಣಿಕಟ್ಟಿನ ಹಸಿ ಗಾಯವನ್ನೂ ನೋಡಿ ಅವಳು ನಿಂತಲ್ಲೇ ನಿಂತಳು. ಯಾವಾಗ ಆಯಿತು ಇದು ಎಂದು ಕೇಳಿದಳು. ಐದು ದಿನ ಆಯಿತು, ನಿಮ್ಮ ಕಡೆಯವರು ಕೇಳುತ್ತಾರೆಂದು ಮಾಡಿದರು ಎಂದಳು ಆದಿಲಕ್ಷ್ಮಮ್ಮ.

“ನಾವ್ಯಾಕಮ್ಮ ಕೇಳಾನ?” ಎಂದಳು ಉಚ್ಚಂಗಮ್ಮ. “ನನ್ ಗಂಡ ಹೋಗಿ ಒಂಬತ್ ವರ್ಸ ಆತು. ನಾನ್ ಬೊಟ್ಟೂ ತೆಗ್ದಿಲ್ಲ, ಬಳೇನೂ ತೆಗ್ದಿಲ್ಲ. ನಾಳೆ ಮಗನ್ ಮದ್ವೇಗೆ ನಾನೇ ಮುಂದೆ ನಿಂತ್ಕಣಾದು. ನಿಮ್ಮ ಗುರುಪ್ರಕಾಶಪ್ಪಂಗೆ ಇದೆಲ್ಲಾ ಗೊತ್ತೈತಲ್ಲ.”

ಕತ್ತರಿ ಆದಿಲಕ್ಷ್ಮಮ್ಮನ ಕೈಯಲ್ಲೇ ನಿಂತಿತು. ಹಾಗಾದರೆ ಯಾರಿಗೂ ಬೇಡದ ಶಾಸ್ತ್ರಕ್ಕೆ ಅವಳನ್ನು ಸಮುದ್ರ ದಾಟಿಸಿ ತಂದಿದ್ದರು. ಅಟ್ಟಿಕ್ಕಿದವಳಿಗಿಂತ ಬೊಟ್ಟಿಕ್ಕಿದವಳೇ ಹೆಚ್ಚು ಎನ್ನುತ್ತಾರಲ್ಲ, ಹೆತ್ತವಳನ್ನು ಕರೆಯಲಿಲ್ಲವೆಂಬ ಮಾತೂ ಬರದೆ, ನಾಳೆ ಮಂಟಪದಲ್ಲಿ ಮದುಮಗಳ ತಾಯಿಯ ಜಾಗದಲ್ಲಿ ಪ್ರಸನ್ನಲಕ್ಷ್ಮಿ ಯಾವ ಅಡ್ಡಿಯೂ ಇಲ್ಲದೆ ನಿಲ್ಲುವುದಕ್ಕೆ ಇಷ್ಟೆಲ್ಲ. ಉಚ್ಚಂಗಮ್ಮನ ಕಣ್ಣು ಮೊರದ ಮೇಲೆ ಬಿತ್ತು. ಅಕ್ಕಿಯ ಹಸನು ನೋಡಿಯೇ ಅವಳಿಗೆ ಎಲ್ಲ ತಿಳಿಯಿತು.

“ಹೆತ್ತೋಳು ನೀನು. ಉಡಿ ನೀನೇ ತುಂಬು. ಯಾರ್ ಏನಂತಾರೋ ನಾನ್ ನೋಡ್ಕಂತೀನಿ, ನಡಿ,” ಎಂದು ಮೊರವನ್ನು ತಾನೇ ಎತ್ತಿಕೊಂಡಳು.

ಆದಿಲಕ್ಷ್ಮಮ್ಮನ ಕಣ್ಣಿಗೆ ಆಗ ನೀರು ಬಂತು. ತೊಟ್ಟಿಯ ಹತ್ತಿರ ಬಾರದ ನೀರು, ಹದಿನಾಲ್ಕು ತಿಂಗಳ ನೀರು. ಕೊಟ್ಟದ್ದೆಲ್ಲ ಸುಳ್ಳಿಗೆ ಕೊಟ್ಟದ್ದಾದರೂ, ಕೇಳಿದ್ದೊಂದು ಸಿಗುತ್ತಿದೆಯಲ್ಲ ಎಂದುಕೊಂಡಳು. ಮಗಳ ಮುಖ ನೋಡಿದಳು.

ಶಿರಿಷಾ ಟವೆಲಿನ ಅಂಚು ಹಿಂಡುತ್ತ ನಿಂತಿದ್ದಳು. ತಾಯಿಯನ್ನು ನೋಡಲಿಲ್ಲ, ಅತ್ತೆಯಾಗುವವಳನ್ನೇ ನೋಡಿ ಹೇಳಿದಳು.

“ಚಿಕ್ಕಮ್ಮನೇ ತುಂಬಲಿ ಬಿಡ್ರಿ. ಶಾಸ್ತ್ರಕ್ಕಂತ ಅಲ್ಲ. ನನಗ ಚಿಕ್ಕಮ್ಮನ ಕೈ ರೂಢಿ.”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಚುಚ್ಚುವ ಇರಾದೆಯೂ ಇರಲಿಲ್ಲ. ಇದ್ದಿದ್ದರೆ ಆದಿಲಕ್ಷ್ಮಮ್ಮ ಜಗಳವಾಡಬಹುದಿತ್ತು. ಹುಡುಗಿ ಇದ್ದದ್ದನ್ನು ಇದ್ದಹಾಗೆ ಹೇಳಿದ್ದಳು. ಹದಿನೈದರಿಂದ ಇಪ್ಪತ್ತೆರಡರವರೆಗೆ ಜಡೆ ಹಾಕಿದ ಕೈ, ಜ್ವರದಲ್ಲಿ ಹಣೆ ಮುಟ್ಟಿದ ಕೈ, ಅಪ್ಪ ಸತ್ತ ದಿನ ತಬ್ಬಿಕೊಂಡ ಕೈ ಚಿಕ್ಕಮ್ಮನದು. ಬಳೆ ಶಾಸ್ತ್ರ ಮಾಡಿಸಿದ ಮೈದುನನನ್ನು ಬೈಯಬಹುದು, ಅವನ ಹೆಂಡತಿಯನ್ನು ಶಪಿಸಬಹುದು. ಈ ಏಳು ವರ್ಷಗಳನ್ನು ಯಾರ ತಲೆಗೆ ಕಟ್ಟುವುದು? ಉಚ್ಚಂಗಮ್ಮ ಮೊರ ಹಿಡಿದುಕೊಂಡೇ ಒಮ್ಮೆ ಇವಳನ್ನೂ ಒಮ್ಮೆ ಅವಳನ್ನೂ ನೋಡಿದಳು.

ಆದಿಲಕ್ಷ್ಮಮ್ಮ ಮೆಷಿನ್ನು ತುಳಿದಳು. ಎರಡು ಪಕ್ಕ, ಎರಡು ಓಟ. ದಾರ ಹಲ್ಲಿನಿಂದ ಕಡಿದಳು. ಕೈ ಎತ್ತು ಎಂದಳು. ಮಗಳು ಕೈ ಎತ್ತಿದಳು, ರವಿಕೆ ಹದವಾಗಿ ಕೂತಿತು. ಹಿಂದಿನ ಏಳು ಹುಕ್ಕುಗಳನ್ನು ಒಂದೊಂದಾಗಿ ಹಾಕಿದಳು. ಬಿಗಿ ಆಯಿತೇ ಎಂದು ಕೇಳಿದಳು, ಇಲ್ಲ ಎಂದಳು ಶಿರಿಷಾ. ಅಷ್ಟೇ. ಮೊರ ಉಚ್ಚಂಗಮ್ಮನ ಕೈಯಿಂದ ನಡುಮನೆಗೆ ಹೋಯಿತು. ಆದಿಲಕ್ಷ್ಮಮ್ಮ ಕೇರಿದ ಅಕ್ಕಿಯನ್ನು ಪ್ರಸನ್ನಲಕ್ಷ್ಮಿ ಐದು ಬೊಗಸೆ ತುಂಬಿ ಹಾಕುವುದು, ಹೆಂಗಸರು ಸೋಬಾನೆ ಎತ್ತುವುದು, ಆಮೇಲೆ ಬಸ್ಸು ಹಿಂದಕ್ಕೆ ತಿರುಗುವುದು, ಎಲ್ಲ ಹಿಂದಿನ ಕೋಣೆಗೆ ಚೆನ್ನಾಗಿ ಕೇಳಿಸಿತು. ಬಸ್ಸು ಹತ್ತು ಎಂದು ಅವಳನ್ನು ಮನೆಯವರು ಯಾರೂ ಕರೆಯಲಿಲ್ಲ. ಉಚ್ಚಂಗಮ್ಮ ಕರೆದಳು, ಇವಳೇ ಬೇಡ ಎಂದಳು.

ಮಧ್ಯಾಹ್ನ ನಾಗವೇಣಿ ಬಂದಾಗ ಅವಳು ಸೂಟ್‌ಕೇಸಿಗೆ ಬಟ್ಟೆ ತುಂಬುತ್ತಿದ್ದಳು. ಟ್ರಾವೆಲ್ಸಿನವನಿಗೆ ಫೋನು ಮಾಡಿ ಟಿಕೆಟ್ಟನ್ನು ಶುಕ್ರವಾರದ ವಿಮಾನಕ್ಕೆ ಬದಲಾಯಿಸಿಕೊಂಡಿದ್ದಳು. ಮೇಡಮ್ಮು ಬೆಳಿಗ್ಗೆ ಒಂದು ವೀಡಿಯೋ ಕಳಿಸಿದ್ದಳು. ಅದರಲ್ಲಿ ನೂರಾ ಅಡುಗೆಮನೆಯ ಬಾಗಿಲು ಬಡಿಯುತ್ತ, ತಟ್ಟೆ ದೂಡುತ್ತ ಅಳುತ್ತಿದ್ದಳು. ರಜೆ ಇನ್ನೂ ಇಪ್ಪತ್ತು ದಿನ ಇದೆಯಲ್ಲ, ಇಲ್ಲೇ ಇರು, ನನ್ನ ಮನೆಗೆ ಬಾ ಎಂದು ನಾಗವೇಣಿ ಅವಳ ಗಾಯದ ಕೈ ಹಿಡಿದುಕೊಂಡಳು. ಅಲ್ಲಿ ನಿನಗೆ ಯಾರಿದ್ದಾರೆ ಎಂದು ಕೇಳಿದಳು.

ಆದಿಲಕ್ಷ್ಮಮ್ಮ ಕೈ ಬಿಡಿಸಿಕೊಂಡು ಸೂಟ್‌ಕೇಸಿನ ಜಿಪ್ಪು ಎಳೆದಳು.

“ನನ್ನ ಕೈ ರೂಢಿ ಇರೋ ಕೂಸು ಅಲ್ಲೈತಿ,” ಎಂದಳು.